ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಂಜೆಯ ಗಂಟೆ ಬಾರಿಸಿದ ಮೇಲೆ ಶಾಲೆಯ ಬಯಲಿನಲ್ಲಿ ಮಕ್ಕಳು ಪಂಗಡ ಕಟ್ಟಿಕೊಳ್ಳುವ ರೀತಿಯನ್ನು ನಾವೆಲ್ಲರೂ ನೋಡಿದ್ದೇವೆ. ನಾಯಕರಿಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಸಮಬಲದ ಇಬ್ಬರು ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, 'ಚಿನ್ನ ಬೇಕೋ, ಬೆಳ್ಳಿ ಬೇಕೋ?' ಎಂದು ಕೇಳುತ್ತಾರೆ. ಯಾರು ಚಿನ್ನ, ಯಾರು ಬೆಳ್ಳಿ ಎಂಬುದು ನಾಯಕನಿಗೆ ತಿಳಿಯದು. ಅವನ ಬಾಯಿಂದ ಬಂದ ಮಾತೇ ತೀರ್ಪು. ಯಾವ ಗುರುವೂ ಕಲಿಸದ ಈ ಪದ್ಧತಿಯಲ್ಲಿ ನ್ಯಾಯದ ಒಂದು ದೊಡ್ಡ ತತ್ತ್ವ ಅಡಗಿದೆ: ಎರಡು ಪಂಗಡಗಳು ಸರಿಸಮವಾಗಿರದಿದ್ದರೆ ಆಟವು ಆಟವೇ ಅಲ್ಲ. ಕಡೆಯಲ್ಲಿ ಜೋಡಿ ಸಿಗದೆ ಚಿಕ್ಕವನೊಬ್ಬ ಉಳಿಯುತ್ತಾನೆ. ಮಕ್ಕಳು ಅವನನ್ನು ಮನೆಗೆ ಅಟ್ಟುವುದಿಲ್ಲ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಾರೆ.

ಮಕ್ಕಳ ಬಯಲಿನಲ್ಲಿ ಒಂದು ಗಳಿಗೆಯಲ್ಲಿ ತೀರುವ ಈ ಕೆಲಸ ದೊಡ್ಡವರ ಆಟದಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಅಮೆರಿಕ ದೇಶದ ವೃತ್ತಿನಿರತ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಜೂನ್ ತಿಂಗಳಲ್ಲಿ ಮುಗಿದೊಡನೆ ಮೈದಾನಗಳು ಬರಿದಾಗಿ ಕಚೇರಿಗಳು ತುಂಬುತ್ತವೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಇನ್ನೊಂದು ತಂಡಕ್ಕೆ ಕೊಟ್ಟು ಯಾರನ್ನು ತರಬೇಕು ಎಂಬ ಲೆಕ್ಕಾಚಾರಕ್ಕೆ ಅದೇ ಸುಗ್ಗಿಯ ಕಾಲ. ಅದನ್ನು ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಂಡುದು ಆಟದ ಮೋಹದಿಂದಲ್ಲ. ಮಿತಿಯಿರುವಲ್ಲಿ ಮನುಷ್ಯರನ್ನು ಆರಿಸುವುದು ಹೇಗೆ, ಆರಿಸದೆ ಬಿಟ್ಟವರ ವಿಷಯದಲ್ಲಿ ಆರಿಸಿದವರ ಹೊಣೆಯೇನು ಎಂಬ ಪ್ರಶ್ನೆ ಬೇರೆಡೆಗಳಲ್ಲಿ ಮರೆಯಲ್ಲಿರುತ್ತದೆ. ಅಲ್ಲಿ ಕರಿಹಲಗೆಯ ಮೇಲಿನ ಲೆಕ್ಕದಂತೆ ಅಂಕಿಗಳಲ್ಲಿ ಬರೆದು ಕಣ್ಣೆದುರಿಗೆ ನಿಂತಿದೆ.

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಒಬ್ಬ ಶಿಕ್ಷಕರು ಎಂಬುದು ನಮಗೆ ಅಭಿಮಾನದ ಸಂಗತಿ. 1891ರ ಚಳಿಗಾಲದಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು, ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ತರುಣರಿಗಾಗಿ ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ, 13 ನಿಯಮಗಳನ್ನು ಬರೆದು ಈ ಆಟವನ್ನು ಹೂಡಿದರು. ಆ 13 ನಿಯಮಗಳಲ್ಲಿ ಹಣದ ಮಾತೇ ಇರಲಿಲ್ಲ. 1946ರಲ್ಲಿ ಹುಟ್ಟಿ 1949ರಲ್ಲಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರನ್ನು ಪಡೆದ ಎನ್.ಬಿ.ಎ. ಸಂಘದಲ್ಲಿ, 2025ರ ವೇಳೆಗೆ 30 ತಂಡಗಳಿದ್ದವು. ಅದರ ಒಪ್ಪಂದದ ಪುಸ್ತಕದಲ್ಲಿ ಆಟದ ನಿಯಮಗಳಿಗಿಂತ ಹಣದ ನಿಯಮಗಳೇ ಜಟಿಲವಾಗಿವೆ.

ಅವುಗಳ ತಿರುಳನ್ನು ಸುಲಭವಾಗಿ ಹೇಳುವುದಾದರೆ ಇಷ್ಟು. ಒಂದು ತಂಡವು ತನ್ನ ಎಲ್ಲ ಆಟಗಾರರಿಗೂ ಸೇರಿಸಿ ಒಂದು ವರ್ಷಕ್ಕೆ ಕೊಡಬಹುದಾದ ಸಂಬಳಕ್ಕೆ ಒಂದು ಮೊತ್ತವನ್ನು ಗೊತ್ತುಪಡಿಸಲಾಗಿದೆ. ಇದೇ ವೇತನಮಿತಿ. ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿಯೂ 2025ರ ಪಂದ್ಯಗಳಿಗೆ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿಗಳ ಮಿತಿಯಿದ್ದಿತು, ಭಾವ ಒಂದೇ. ಎನ್.ಬಿ.ಎ.ಯಲ್ಲಿ 1984–85ರಲ್ಲಿ ಈ ಮಿತಿ 36 ಲಕ್ಷ ಡಾಲರುಗಳಷ್ಟಿದ್ದುದು, ದೂರದರ್ಶನದ ಹಣ ಹರಿದು ಬಂದಂತೆಲ್ಲ ಏರುತ್ತ, 2025–26ಕ್ಕೆ ಸುಮಾರು 15 ಕೋಟಿ 46 ಲಕ್ಷ ಡಾಲರುಗಳಾಯಿತು. ಆದರೆ ಇದು ದಾಟಬಾರದ ಗೋಡೆಯಲ್ಲ. ಅಲ್ಲಲ್ಲಿ ತಡಮೆಯಿರುವ ಬೇಲಿ. ಬಾಸ್ಟನ್ನಿನ ಪ್ರಸಿದ್ಧ ಆಟಗಾರ ಲ್ಯಾರಿ ಬರ್ಡ್ ಅವರ ಹೆಸರಿನಿಂದ ಕರೆಯಲಾಗುವ ಒಂದು ವಿನಾಯಿತಿಯ ಮೇರೆಗೆ, ತನ್ನಲ್ಲಿಯೇ ಕೆಲವು ವರ್ಷ ಆಡಿದವನನ್ನು ಉಳಿಸಿಕೊಳ್ಳಲು ತಂಡವು ಮಿತಿಯನ್ನು ಮೀರಬಹುದು. ಮೀರುತ್ತ ಹೋದಂತೆ ದಂಡದ ತೆರಿಗೆ ಬೀಳುತ್ತದೆ. 2023ರ ಒಪ್ಪಂದದ ಮೇರೆಗೆ ಅದರಾಚೆಗೂ ಎರಡು ಗೆರೆಗಳಿವೆ. 2025–26ರಲ್ಲಿ ಎರಡನೆಯ ಗೆರೆ ಸುಮಾರು 20 ಕೋಟಿ 78 ಲಕ್ಷ ಡಾಲರುಗಳಲ್ಲಿದ್ದಿತು. ಅದನ್ನು ದಾಟಿದ ತಂಡಕ್ಕೆ ಹಣದ ದಂಡ ಮಾತ್ರವಲ್ಲದೆ ಕೈಕಟ್ಟೂ ಉಂಟು: ಇಬ್ಬರ ಸಂಬಳವನ್ನು ಕೂಡಿಸಿ ಕೊಟ್ಟು ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ವಿನಿಮಯದಲ್ಲಿ ಹಣ ಕೊಡುವಂತಿಲ್ಲ, ಏಳು ವರ್ಷ ಮುಂದೆ ಹೊಸಬರನ್ನು ಆರಿಸುವ ಮೊದಲ ಹಕ್ಕನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ.

ಇಷ್ಟೆಲ್ಲ ಏತಕ್ಕೆ? ಸಿರಿವಂತ ನಗರದ ತಂಡವು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಬಿಡಬಾರದು ಎಂಬುದಕ್ಕೆ. ನ್ಯೂಯಾರ್ಕಿನ ಹಣಕ್ಕೂ ಓಕ್ಲಹೋಮಾದ ಹಣಕ್ಕೂ ಅಜಗಜಾಂತರ. ಮಕ್ಕಳು 'ಚಿನ್ನ ಬೇಕೋ, ಬೆಳ್ಳಿ ಬೇಕೋ' ಎಂಬ ಮಾತಿನಿಂದ ಸಾಧಿಸುವ ಸಮತೆಯನ್ನು ದೊಡ್ಡವರು ಅಂಕಿಗಳ ಬೇಲಿ ಹಾಕಿ ಸಾಧಿಸಲೆಳಸುತ್ತಾರೆ.

ಈ ಬೇಲಿಯೇ ಅನ್ಯಾಯವೆಂದು ವಾದಿಸಬಲ್ಲವರಿದ್ದಾರೆ. ಅಮೆರಿಕದ ತತ್ತ್ವಜ್ಞ ರಾಬರ್ಟ್ ನೋಜಿಕ್ ಅವರು 1974ರ ತಮ್ಮ ಗ್ರಂಥದಲ್ಲಿ ಬ್ಯಾಸ್ಕೆಟ್‌ಬಾಲಿನಿಂದಲೇ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಎಲ್ಲರಲ್ಲಿಯೂ ನ್ಯಾಯವಾದ ಪಾಲಿನ ಹಣವಿದೆಯೆಂದು ಇಟ್ಟುಕೊಳ್ಳಿ. ವಿಲ್ಟ್ ಚೇಂಬರ್ಲೇನ್ ಎಂಬ ಮಹಾ ಆಟಗಾರನ ಆಟವನ್ನು ನೋಡಲು ಹತ್ತು ಲಕ್ಷ ಜನರು ಬರುತ್ತಾರೆ. ಪ್ರತಿಯೊಬ್ಬನೂ ತಾನಾಗಿಯೇ 25 ಸೆಂಟುಗಳನ್ನು ಅವನಿಗೆಂದು ಕೊಡುತ್ತಾನೆ. ಅವನ ಕೈಯಲ್ಲಿ 2 ಲಕ್ಷ 50 ಸಾವಿರ ಡಾಲರುಗಳಾದವು. ಕೊಟ್ಟವರು ಸಂತೋಷದಿಂದ ಕೊಟ್ಟರು, ಪಡೆದವನು ದುಡಿದು ಪಡೆದನು. ನಡುವೆ ನಿಂತು 'ಇಷ್ಟೇ' ಎನ್ನಲು ಮೂರನೆಯವನಿಗೇನು ಅಧಿಕಾರ?

ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೂ ಅದರಲ್ಲೊಂದು ಮರೆವು ಉಂಟು. ಇದೇ ಚೇಂಬರ್ಲೇನ್ ಅವರು 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದರು. ಆ ನೂರು ಅಂಕಗಳಿಗೂ ಎದುರಿನಲ್ಲಿ ನ್ಯೂಯಾರ್ಕಿನ ತಂಡವೊಂದು ನಿಂತಿರಬೇಕಾಗಿದ್ದಿತು. ಒಬ್ಬನೇ ಬುಟ್ಟಿಗೆ ಚೆಂಡು ಹಾಕುವುದನ್ನು ನೋಡಲು ಹತ್ತು ಲಕ್ಷ ಜನ ಬರಲಾರರು. ಅಂಗಡಿಕಾರನು ಎದುರಿನ ಅಂಗಡಿ ಮುಚ್ಚಿದರೆ ಸಂತೋಷಪಡಬಹುದು; ಆಟಗಾರನಾದರೋ ಎದುರಾಳಿ ಇಲ್ಲದಿದ್ದರೆ ಆಟಗಾರನೇ ಅಲ್ಲ. ಆದುದರಿಂದ ಎದುರಾಳಿಯನ್ನು ಬಾಳಗೊಡುವ ನಿಯಮವು ಹೊರಗಿನಿಂದ ಬಂದ ಅಡ್ಡಿಯಾಗದೆ ಆಟದ ಒಳಗಿನ ಧರ್ಮವೇ ಆಗುತ್ತದೆ.

ಇನ್ನೊಂದು ಮಾತೂ ಉಂಟು: ಸಮ್ಮತಿ. ಹಿಂದೆ ಆಟಗಾರನ ಕರಾರು ಮುಗಿದರೂ ತಂಡದ ಹಿಡಿತ ಮುಗಿಯುತ್ತಿರಲಿಲ್ಲ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಅವರು 1970ರಲ್ಲಿ ನ್ಯಾಯಾಲಯಕ್ಕೆ ಹೋದರು. 1976ರ ರಾಜಿಯಿಂದ ಆ ಬಂಧನ ಸಡಿಲವಾಯಿತು. 1983ರಲ್ಲಿ ಆಟಗಾರರ ಸಂಘವು ವೇತನಮಿತಿಗೆ ಒಪ್ಪಿದಾಗ ಅದಕ್ಕೆ ಪ್ರತಿಯಾಗಿ ವರಮಾನದ ನೂರಕ್ಕೆ 53 ಪಾಲನ್ನು ಕೇಳಿ ಪಡೆಯಿತು. 2023ರ ಒಪ್ಪಂದದಲ್ಲಿ ಆ ಪಾಲು 49ರಿಂದ 51ರೊಳಗೆ ಇದೆ. ಮೇಲಿನಿಂದ ಹೇರಿದ ಮಿತಿ ಬೇರೆ, ಕುಳಿತು ಮಾತಾಡಿ ಒಪ್ಪಿಕೊಂಡ ಮಿತಿ ಬೇರೆ.

ಫಲವೇನಾಯಿತೆಂದು ವಾಚಕರು ಕೇಳಬಹುದು. 1957ರಿಂದ 1969ರ ವರೆಗಿನ 13 ವರ್ಷಗಳಲ್ಲಿ ಬಾಸ್ಟನ್ ತಂಡವೊಂದೇ 11 ಬಾರಿ ಗೆದ್ದಿತು. 2019ರಿಂದ 2025ರ ವರೆಗಿನ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ತಂಡಗಳು ಗೆದ್ದವು. ಕಡೆಯದು ಆ ಓಕ್ಲಹೋಮಾದ್ದೇ. ಇದೆಲ್ಲವೂ ಮಿತಿಯೊಂದರಿಂದಲೇ ಆಯಿತೆನ್ನುವುದು ಸಾಹಸದ ಮಾತು. ಮಿತಿಯಿದ್ದಾಗಲೇ ಶಿಕಾಗೋ ತಂಡವು 1991ರಿಂದ 1998ರೊಳಗೆ ಆರು ಬಾರಿ ಗೆದ್ದುದೂ ಉಂಟು. ಆದರೂ ತಂಡತಂಡಗಳ ನಡುವಣ ನ್ಯಾಯ ಒಂದಿಷ್ಟು ಹೆಚ್ಚಿತೆಂದು ಒಪ್ಪಬಹುದು.

ಇಲ್ಲಿಯ ವರೆಗೆ ನಾವು ತಂಡಗಳ ಮಾತನ್ನಾಡಿದೆವು. ಈಗ ಮನುಷ್ಯರ ಕಡೆಗೆ ತಿರುಗೋಣ.

2023ರಲ್ಲಿ ಡೆನ್ವರ್ ತಂಡವು ಮೊಟ್ಟಮೊದಲ ಬಾರಿಗೆ ಗೆದ್ದಿತು. ಆ ಗೆಲುವಿನಲ್ಲಿ ಬ್ರೂಸ್ ಬ್ರೌನ್ ಎಂಬವರ ಪಾಲು ಚೆನ್ನಾಗಿಯೇ ಇದ್ದಿತು. ಆದರೆ ಅವರು ಬಂದು ಒಂದೇ ವರ್ಷವಾದುದರಿಂದ ಬರ್ಡ್ ವಿನಾಯಿತಿ ಪೂರ್ಣವಾಗಿ ದಕ್ಕಲಿಲ್ಲ; ಡೆನ್ವರ್ ಕೊಡಬಹುದಾಗಿದ್ದುದು ಮೊದಲ ವರ್ಷಕ್ಕೆ ಸುಮಾರು 78 ಲಕ್ಷ ಡಾಲರು. ಇಂಡಿಯಾನಾ ತಂಡವು ಎರಡು ವರ್ಷಕ್ಕೆ 4 ಕೋಟಿ 50 ಲಕ್ಷ ಕೊಡಲು ಮುಂದೆ ಬಂದಿತು. ಅವರು ಹೋದರು. ಇಲ್ಲಿ ತಪ್ಪು ಯಾರದೂ ಅಲ್ಲ. ಬೇಲಿ ಇದ್ದುದೇ ಅಲ್ಲಿ.

2025ರ ಬಾಸ್ಟನ್ನಿನ ಪ್ರಸಂಗ ಅಷ್ಟು ಸರಳವಲ್ಲ. 2024ರಲ್ಲಿ ಗೆದ್ದ ತಂಡ ಅದು. 2025ರ ಮೇ ತಿಂಗಳಲ್ಲಿ ಅದರ ಮುಖ್ಯ ಆಟಗಾರ ಜೇಸನ್ ಟೇಟಂ ಅವರ ಹಿಮ್ಮಡಿಯ ಸ್ನಾಯುಬಂಧ ಹರಿಯಿತು. ಸಂಬಳಗಳ ಮೊತ್ತ ಎರಡನೆಯ ಗೆರೆಯನ್ನು ದಾಟಿದ್ದಿತು. ಕೆಲವು ವಾರಗಳೊಳಗಾಗಿ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲೆಂಡಿಗೂ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರನ್ನು ಅಟ್ಲಾಂಟಾಕ್ಕೂ ಕಳುಹಿಸಿಕೊಟ್ಟು ತಂಡವು ಗೆರೆಯೊಳಗೆ ಬಂದಿತು. ಒಂದು ವರ್ಷದ ಹಿಂದೆ ಬೀದಿಯಲ್ಲಿ ಮೆರವಣಿಗೆ ಹೋದವರು ಚದುರಿಹೋದರು. 'ನಿಯಮವು ನಮ್ಮನ್ನು ಹೀಗೆ ಮಾಡಿಸಿತು' ಎಂಬುದು ಇಂತಹ ಕಡೆಗಳಲ್ಲೆಲ್ಲ ಕೇಳಿಬರುವ ಸಮಾಧಾನ.

ನಮ್ಮ ವಿಚಾರದ ಗಂಟು ಇಲ್ಲಿದೆ. ನಿಯಮವು ಮಾಡಿಸಿತೆಂಬುದು ಎಷ್ಟು ಮಟ್ಟಿಗೆ ನಿಜ? ನಿಯಮವು ಮೊತ್ತವನ್ನು ಹೇಳಿತು, ಹೆಸರನ್ನು ಹೇಳಲಿಲ್ಲ. 'ಇಷ್ಟು ಇಳಿಸು' ಎಂದಿತಲ್ಲದೆ 'ಇವನನ್ನು ಇಳಿಸು' ಎನ್ನಲಿಲ್ಲ. ಇಳಿಸಲೇಬೇಕೆಂದೂ ಹೇಳಲಿಲ್ಲ, ಇಳಿಸದಿದ್ದರೆ ಇಂತಿಂತಹ ದಂಡ, ಇಂತಿಂತಹ ಕೈಕಟ್ಟು ಎಂದು ಮಾತ್ರ ಹೇಳಿತು. ಅದೇ ವರ್ಷ ಆ ತಂಡವು 610 ಕೋಟಿ ಡಾಲರುಗಳ ಬೆಲೆಗೆ ಒಡೆಯರ ಕೈಬದಲಾಯಿತೆಂಬುದನ್ನೂ ನೆನೆಯಬೇಕು. ಮಿತಿಯಿರುವುದು ಆಟಗಾರರ ಸಂಬಳಕ್ಕೆ. ತಂಡದ ಬೆಲೆಗೆ ಮಿತಿಯಿಲ್ಲ. ದಂಡ ತೆರುವುದೋ ಆಟಗಾರರನ್ನು ಬಿಡುವುದೋ ಎಂಬ ಕವಲಿನಲ್ಲಿ ಒಂದನ್ನು ಆರಿಸಿದರು. ಆರಿಸಿದುದು ವಿವೇಕವೇ ಇದ್ದೀತು. ಮುಖ್ಯ ಆಟಗಾರನೇ ಗಾಯಗೊಂಡಿರುವಾಗ ಅಷ್ಟು ದಂಡ ತೆರುವುದು ವ್ಯರ್ಥವೆಂಬ ವಾದದಲ್ಲಿ ಹುರುಳಿದೆ. ನಾವು ಅವರನ್ನು ಖಂಡಿಸುತ್ತಿಲ್ಲ. ಆರಿಸಿದುದನ್ನು ಆರಿಸಿದೆವು ಎಂದು ಒಪ್ಪಿಕೊಳ್ಳಬೇಕು ಎಂಬುದಷ್ಟೇ ನಮ್ಮ ಮಾತು. ಮಿತಿಯು ಆಯ್ಕೆಯನ್ನು ಅನಿವಾರ್ಯಗೊಳಿಸುತ್ತದೆ, ಹೊಣೆಯನ್ನು ಕಳೆಯುವುದಿಲ್ಲ.

ಅದೇ 2025ರ ಜುಲೈ ತಿಂಗಳಲ್ಲಿ ಮಿಲ್ವಾಕೀ ತಂಡದಲ್ಲಿ ನಡೆದುದನ್ನು ನೋಡಿ. ಡೇಮಿಯನ್ ಲಿಲರ್ಡ್ ಅವರಿಗೂ ಏಪ್ರಿಲ್ ತಿಂಗಳಲ್ಲಿ ಹಿಮ್ಮಡಿಯ ಅದೇ ಗಾಯವಾಗಿದ್ದಿತು. ಅವರಿಗೆ ಎರಡು ವರ್ಷಗಳಲ್ಲಿ ಸಲ್ಲಬೇಕಾಗಿದ್ದುದು ಸುಮಾರು 11 ಕೋಟಿ 30 ಲಕ್ಷ ಡಾಲರು. ತಂಡವು ಅವರನ್ನು ಬಿಡುಗಡೆ ಮಾಡಿ, ಆ ಹಣದ ಲೆಕ್ಕವನ್ನು ಐದು ವರ್ಷಗಳಿಗೆ ಹಂಚಿ, ಹಾಗೆ ಉಂಟಾದ ತೆರಪಿನಲ್ಲಿ ಮೈಲ್ಸ್ ಟರ್ನರ್ ಎಂಬ ಇನ್ನೊಬ್ಬರನ್ನು ತಂದಿತು. ನಮ್ಮ ಮಕ್ಕಳ ಮಾತನ್ನು ತಿರುಗಿಸಿ ಹೇಳುವುದಾದರೆ ಲಿಲರ್ಡ್ ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬಂತಾದರು. ಹಣವೇನೂ ಅವರ ಕೈತಪ್ಪಲಿಲ್ಲ. ತಾವು ಹನ್ನೊಂದು ವರ್ಷ ಆಡಿದ್ದ ಪೋರ್ಟ್‌ಲೆಂಡಿಗೇ ಅವರು ಹಿಂದಿರುಗಿದರು, ಮನೆಗೆ ಹೋದಂತಾಯಿತು. ಹಾಗಾದರೆ ಕೆಡುಕೆಲ್ಲಿ? ಸಲ್ಲಬೇಕಾದ ಹಣ ಸಂದರೆ ಸಲ್ಲಬೇಕಾದುದೆಲ್ಲ ಸಂದಂತೆಯೆ? ಎದ್ದು ನಡೆಯಲಾರದವನನ್ನು ಆ ಸ್ಥಿತಿಯಲ್ಲಿಯೇ ಬೀಳ್ಕೊಡುವುದರಲ್ಲಿ ಹಣದಿಂದ ತೀರದ ಬಾಕಿಯೊಂದು ಉಳಿಯುತ್ತದೆಂದು ನಮಗೆ ತೋರುತ್ತದೆ. ಅದನ್ನು ತೀರಿಸುವುದು ಬೀಳ್ಕೊಡುವ ರೀತಿಯಿಂದ ಮಾತ್ರ.

ರೀತಿಯ ಮಾತು ಬಂದುದರಿಂದ 2018ರ ಪ್ರಸಂಗವೊಂದನ್ನು ನೆನೆಯಬೇಕು. ಡಿಮಾರ್ ಡಿರೋಜನ್ ಅವರು ಕೆನಡಾದ ಟೊರಾಂಟೊ ತಂಡದಲ್ಲಿ ಒಂಬತ್ತು ವರ್ಷ ಆಡಿದವರು, ಆ ಊರನ್ನು ತಮ್ಮದೆಂದು ಬಗೆದವರು. ಜುಲೈ ತಿಂಗಳಲ್ಲಿ ಅವರನ್ನು ಸ್ಯಾನ್ ಆಂಟೋನಿಯೊ ತಂಡಕ್ಕೆ ಕೊಟ್ಟು ಕವಾಯ್ ಲೆನರ್ಡ್ ಅವರನ್ನು ತರಲಾಯಿತು. ತಮ್ಮನ್ನು ಕಳುಹಿಸುವುದಿಲ್ಲವೆಂದು ತಾವು ನಂಬುವಂತೆ ಹೇಳಲಾಗಿತ್ತೆಂದು ಡಿರೋಜನ್ ಅವರು ಬಹಿರಂಗವಾಗಿಯೇ ನೊಂದುಕೊಂಡರು; ತಂಡದ ಮುಖ್ಯಾಧಿಕಾರಿಗಳೂ ಮಾತಿನಲ್ಲಿ ಎಡವಟ್ಟಾಗಿರಬಹುದೆಂದು ಬಹಿರಂಗವಾಗಿಯೇ ಕ್ಷಮೆ ಕೇಳಿದರು. ಮರುವರ್ಷ, ಅಂದರೆ 2019ರಲ್ಲಿ, ಟೊರಾಂಟೊ ಮೊಟ್ಟಮೊದಲ ಬಾರಿಗೆ ಗೆದ್ದಿತು. ಗೆಲುವು ಆ ವಿನಿಮಯದ ಜಾಣ್ಮೆಯನ್ನು ಸ್ಥಾಪಿಸಿತು. ಆದರೆ ನೋವನ್ನು ಇಲ್ಲವಾಗಿಸಿತೆ? ಫಲವು ನಿರ್ಧಾರಕ್ಕೆ ಸಮರ್ಥನೆಯಾದೀತು, ತಿಳಿಸದ ಮಾತಿಗೆ ಸಮರ್ಥನೆಯಾಗದು. ಯಾರನ್ನು ಕಳುಹಿಸುವುದೆಂಬುದು ಒಂದು ಪ್ರಶ್ನೆ, ಅವನಿಗೆ ಹೇಗೆ ಹೇಳುವುದೆಂಬುದು ಇನ್ನೊಂದು. ಎರಡನೆಯದಕ್ಕೆ ಯಾವ ವೇತನಮಿತಿಯೂ ಅಡ್ಡ ಬರುವುದಿಲ್ಲ. ಸತ್ಯವನ್ನು ಮುಖಕ್ಕೆ ಮುಖ ಕೊಟ್ಟು ಹೇಳಲು ಖರ್ಚಿಲ್ಲ.

ಹಾಗಾದರೆ ಹೊಣೆಯೆಲ್ಲ ಒಡೆಯರದೇ, ಆಟಗಾರನಿಗೆ ಏನೂ ಇಲ್ಲವೆ ಎಂದು ಕೇಳುವವರಿದ್ದಾರೆ. 2024ರ ಜುಲೈಯಲ್ಲಿ ನ್ಯೂಯಾರ್ಕಿನ ಜೇಲನ್ ಬ್ರನ್ಸನ್ ಅವರು ನಾಲ್ಕು ವರ್ಷಗಳಿಗೆ ಸುಮಾರು 15 ಕೋಟಿ 65 ಲಕ್ಷ ಡಾಲರುಗಳಿಗೆ ಒಪ್ಪಿ ಸಹಿ ಹಾಕಿದರು. ಒಂದು ವರ್ಷ ಕಾದಿದ್ದರೆ ಐದು ವರ್ಷಗಳಿಗೆ ಸುಮಾರು 26 ಕೋಟಿ 90 ಲಕ್ಷ ಕೇಳುವ ಅವಕಾಶ ಅವರಿಗಿದ್ದಿತು. ಅವರು ಬಿಟ್ಟುಕೊಟ್ಟ ಎಡೆಯಲ್ಲಿ ಸಂಗಡಿಗರು ಉಳಿಯುವಂತಾಯಿತು. 2025ರಲ್ಲಿ ಆ ತಂಡವು ತನ್ನ ಪೂರ್ವ ವಿಭಾಗದ ಅಂತಿಮ ಸುತ್ತಿನ ವರೆಗೆ ಏರಿತು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಒಂದು ಎಚ್ಚರ ಬೇಕು. ತ್ಯಾಗವನ್ನು ಹೊಗಳಬಹುದು, ವಿಧಿಸಲಾಗದು. 'ಅವನು ಬಿಟ್ಟುಕೊಟ್ಟ, ನೀನೇಕೆ ಕೊಡಲೊಲ್ಲೆ?' ಎಂದು ಇನ್ನೊಬ್ಬನನ್ನು ಕೇಳಿದ ಕ್ಷಣವೇ ತ್ಯಾಗವು ಕಂದಾಯವಾಗುತ್ತದೆ. ಮೊಣಕಾಲು ಗಟ್ಟಿಯಿರುವ ಹತ್ತು ವರ್ಷಗಳಲ್ಲಿ ಬಾಳಿಗಾಗುವಷ್ಟು ದುಡಿದುಕೊಳ್ಳಬೇಕಾದವನು ತನ್ನ ಪಾಲನ್ನು ಕೇಳಿದರೆ ಅವನನ್ನು ಲೋಭಿಯೆನ್ನಲಾಗದು.

ಇನ್ನೊಂದು ಆಕ್ಷೇಪವನ್ನೂ ಎತ್ತಿ ನೋಡೋಣ. ಮೊತ್ತವನ್ನು ಹೇಳುವ ನಿಯಮವೇ ಹೆಸರನ್ನೂ ಹೇಳಿಬಿಡಲಿ. ಆಗ ಯಾರಿಗೂ ಮುಜುಗರವಿಲ್ಲ. ಕಡೆಗೆ ಬಂದವನು ಮೊದಲು ಹೋಗಲಿ ಎಂಬ ಪದ್ಧತಿ ಅನೇಕ ಉದ್ಯೋಗಗಳಲ್ಲಿ ಇದೆಯಷ್ಟೆ. ಹೌದು, ಅದರಿಂದ ಪಕ್ಷಪಾತ ತಪ್ಪುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಪಕ್ಷಪಾತದೊಂದಿಗೆ ದಯೆಯೂ ತಪ್ಪುತ್ತದೆ. ಹೋಗುವವನ ಮನೆಯಲ್ಲಿ ಕಾಯಿಲೆಯಿದೆಯೇ, ಅವನ ಮಕ್ಕಳ ಪರೀಕ್ಷೆ ಹತ್ತಿರವಿದೆಯೇ ಎಂದು ಪಟ್ಟಿಯು ಕೇಳದು. ನಿಯಮವು ಎಷ್ಟೇ ಬೆಳೆದರೂ ಒಬ್ಬ ಮನುಷ್ಯನು ಇನ್ನೊಬ್ಬನನ್ನು ಕಣ್ಣೆತ್ತಿ ನೋಡಬೇಕಾದ ಜಾಗವೊಂದು ಉಳಿದೇ ಉಳಿಯುತ್ತದೆ, ಉಳಿಯಲೂ ಬೇಕು.

ನಿಯಮಕ್ಕೆ ಕಣ್ಣೇ ಇಲ್ಲವೆಂದೂ ಹೇಳಲಾರೆವು. ಎನ್.ಬಿ.ಎ.ಯಲ್ಲಿ ಆಡಿದ ವರ್ಷಗಳು ಹೆಚ್ಚಿದಂತೆ ಕನಿಷ್ಠ ಸಂಬಳವೂ ಹೆಚ್ಚುತ್ತದೆ. ಹೀಗಾದರೆ ಹದಿನೈದನೆಯ ಸ್ಥಾನಕ್ಕೆ ಹಳಬನ ಬದಲು ಅಗ್ಗದ ಹೊಸಬನನ್ನೇ ಎಲ್ಲರೂ ತಂದಾರಷ್ಟೆ? ಅದನ್ನು ತಡೆಯಲು ಒಂದು ಉಪಾಯವಿದೆ. ಹಳಬನೊಬ್ಬನು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಕರಾರು ಮಾಡಿಕೊಂಡರೆ, ಎರಡು ವರ್ಷ ಆಡಿದವನ ಸಂಬಳವಷ್ಟೇ ತಂಡದ ಲೆಕ್ಕಕ್ಕೆ ಬರುತ್ತದೆ. ಮಿಕ್ಕುದನ್ನು ಸಂಘವೇ ತುಂಬಿಕೊಡುತ್ತದೆ. ಕೋಟ್ಯಂತರ ಡಾಲರುಗಳ ಆ ಪುಸ್ತಕದ ಮೂಲೆಯಲ್ಲಿ ನಮ್ಮ ಬಯಲಿನ ಮಾತು ಬರೆದಿರುವುದನ್ನು ಕಂಡು ನಮಗೆ ಆನಂದವಾಯಿತು. ಹಳಬನ ಸಂಬಳದ ಆ ಮಿಕ್ಕ ಪಾಲು ಆಟಕ್ಕುಂಟು, ಲೆಕ್ಕಕ್ಕಿಲ್ಲ! ದುರ್ಬಲನಿಗಾಗಿ ಲೆಕ್ಕದಲ್ಲಿ ಒಂದಿಷ್ಟು ಬಿಡುವುದು ಲೆಕ್ಕ ಬಾರದವರ ಕೆಲಸವಲ್ಲ. ಲೆಕ್ಕ ಏತಕ್ಕಾಗಿ ಇದೆಯೆಂಬುದನ್ನು ಬಲ್ಲವರ ಕೆಲಸ.

ಉಪಾಧ್ಯಾಯ ಬಂಧುಗಳೇ, ನಮ್ಮ ಕೈಯಲ್ಲಿ ಕೋಟಿಗಳಿಲ್ಲ. ಮಿತಿಗಳು ಮಾತ್ರ ಬೇಕಾದಷ್ಟಿವೆ. ಕಬಡ್ಡಿ ಪಂದ್ಯಕ್ಕೆ 12 ಹೆಸರು ಕಳುಹಿಸಬೇಕು. ಬಯಲಿಗೆ ದಿನವೂ ಬಂದವರು 13 ಮಂದಿ. ಹನ್ನೆರಡೆಂದು ಹೇಳಿದುದು ಪಂದ್ಯದ ನಿಯಮ. ಆ ಹದಿಮೂರನೆಯವನು ಯಾರೆಂದು ನಿಶ್ಚಯಿಸುವವರು ನಾವು. ಪಟ್ಟಿಯನ್ನು ಹಲಗೆಗೆ ಅಂಟಿಸಿ ಕೋಣೆಯೊಳಗೆ ಹೋಗಿಬಿಡುವುದು ಸುಲಭ. 'ನಿಯಮವೇ ಹಾಗಿದೆ, ಏನು ಮಾಡುವುದಪ್ಪ' ಎನ್ನುವುದು ಇನ್ನೂ ಸುಲಭ. ಪಟ್ಟಿ ಅಂಟಿಸುವುದಕ್ಕೆ ಮುಂಚೆ ಆ ಹುಡುಗನನ್ನು ಕರೆದು, 'ನಿನ್ನನ್ನು ಬಿಟ್ಟವರು ನಾವು, ಕಾರಣ ಇದು' ಎಂದು ಹೇಳುವುದು ಕಷ್ಟ. ಅವನು ಅಳಬಹುದು, ಸಿಟ್ಟಾಗಬಹುದು, ನಮ್ಮ ಕಾರಣ ತಪ್ಪೆಂದು ತೋರಿಸಿಕೊಡಲೂಬಹುದು. ಆ ಮೂರನ್ನೂ ನಾವು ನಿಂತು ಕೇಳಬೇಕು. ಮರುದಿನ ಸಂಜೆ ಗಂಟೆ ಬಾರಿಸಿದಾಗ ಅವನು ಬಯಲಿಗೆ ಬರುತ್ತಾನೋ ಇಲ್ಲವೋ ಎಂಬುದು ಅದನ್ನು ಅವಲಂಬಿಸಿದೆ.